ಗುಳಿಗೆಯಿಂದ ಜ್ಞಾನೋದಯ: ಪುರವಣಿಯ ಲೇಖನಕ್ಕೊಂದು ಪ್ರತಿಕ್ರಿಯೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ತಮ್ಮ ಪುರವಣಿಯಲ್ಲಿ ಎಲ್‌ಎಸ್‌ಡಿ ಎಂಬ ಭ್ರಾಮಕ ರಾಸಾಯನಿಕ ಹಾಗೂ ಅಮಲಿನ ಅಣಬೆಗಳ ಕುರಿತು ಪ್ರಕಟವಾದ ಲೇಖನವನ್ನು ಎರಡು ಸಲ ಓದಿದೆ. ಋಷಿಮುನಿಗಳು ಜೀವಮಾನವಿಡೀ ತಪಸ್ಸು ಮಾಡಿ ಕಂಡುಕೊಂಡದ್ದನ್ನು ಇಂದಿನ ವಿಜ್ಞಾನ ಒಂದು ಮಧ್ಯಾಹ್ನದೊಳಗೆ ಎಲ್ಲರ ಕೈಗೆಟುಕುವಂತೆ ಮಾಡಿದೆ ಎಂಬುದು ಆ ಲೇಖನದ ಒಟ್ಟು ಧಾಟಿ. ಅದಕ್ಕೆ ಉತ್ತರವಾಗಿ ವಾಚಕರ ವಾಣಿಯಲ್ಲಿ ಬಂದ ಪತ್ರಗಳಲ್ಲಿ ಹೆಚ್ಚಿನವು, ಇದೆಲ್ಲ ಪಾಶ್ಚಾತ್ಯರ ಚಟ, ನಮ್ಮ ಸಂಸ್ಕೃತಿಗೆ ಕಳಂಕ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದವು. ನನಗೆ ಎರಡೂ ಒಪ್ಪಿಗೆಯಾಗಲಿಲ್ಲ. ಮಲೆನಾಡಿನ ಕಾಲೇಜೊಂದರಲ್ಲಿ 31 ವರ್ಷ ತತ್ತ್ವಶಾಸ್ತ್ರ ಪಾಠ ಮಾಡಿದವನು ನಾನು. ಅದಕ್ಕಿಂತ ಮುಖ್ಯವಾಗಿ, ಈ ಪ್ರಶ್ನೆ ನನ್ನ ಮನೆಯ ಜಗಲಿಗೇ ಬಂದು ಕೂತಿದೆ. ಪತ್ರ ಉದ್ದವಾಗಿದೆ, ಆದರೂ ಕತ್ತರಿಸದೆ ಪ್ರಕಟಿಸುವಿರೆಂದು ನಂಬಿದ್ದೇನೆ.

ಮೊದಲು ತಳ್ಳಿಹಾಕಿದವರ ಮಾತನ್ನು ನೋಡೋಣ. ರಾಸಾಯನಿಕವೊಂದು ಮಿದುಳಿನಲ್ಲಿ ಎಬ್ಬಿಸಿದ ಗದ್ದಲಕ್ಕೆ ಅಧ್ಯಾತ್ಮದ ಹೆಸರು ಕೊಡಬಾರದು, ವಸ್ತುವಿನಿಂದ ಬಂದದ್ದು ಸುಳ್ಳೇ ಆಗಿರಬೇಕು ಎಂಬುದು ಅವರ ವಾದ. ಈ ವಾದವನ್ನು ನಮ್ಮ ಉಪನಿಷತ್ತೇ ಒಪ್ಪುವುದಿಲ್ಲ. ಛಾಂದೋಗ್ಯದ ಆರನೆಯ ಅಧ್ಯಾಯದಲ್ಲಿ ಉದ್ದಾಲಕನು ಮಗ ಶ್ವೇತಕೇತುವಿಗೆ ಹದಿನೈದು ದಿನ ಅನ್ನ ಮುಟ್ಟದೆ ಬರಿಯ ನೀರು ಕುಡಿದಿರಲು ಹೇಳುತ್ತಾನೆ. ಹದಿನಾರನೆಯ ದಿನ ವೇದ ಹೇಳು ಎಂದರೆ ಹನ್ನೆರಡು ವರ್ಷ ಕಲಿತದ್ದರಲ್ಲಿ ಒಂದೂ ಮಗನಿಗೆ ನೆನಪಾಗುವುದಿಲ್ಲ. ಹೋಗಿ ಉಂಡು ಬಂದ ಮೇಲೆ ಕೇಳಿದ್ದಕ್ಕೆಲ್ಲ ಉತ್ತರ ಬರುತ್ತದೆ. ಮನಸ್ಸು ಅನ್ನಮಯ ಎಂದು ತಂದೆ ತೋರಿಸಿಕೊಟ್ಟದ್ದು ಹೀಗೆ. ಅನ್ನ ಮನಸ್ಸನ್ನು ಕಟ್ಟುವುದಾದರೆ ಅಣಬೆ ಅದನ್ನು ಅಲುಗಿಸುವುದರಲ್ಲಿ ಆಶ್ಚರ್ಯವೇನಿದೆ? ಅಮಲಿನ ಅಣಬೆಯಲ್ಲಿರುವ ಸಿಲೋಸೈಬಿನ್ ಆಗಲಿ ಎಲ್‌ಎಸ್‌ಡಿ ಆಗಲಿ ಮಿದುಳಿನ ಸಿರೊಟೋನಿನ್ 2ಎ ಎಂಬ ಗ್ರಾಹಕಗಳ ಮೇಲೆ ಕೆಲಸ ಮಾಡುತ್ತವೆ, ಆ ಗ್ರಾಹಕಗಳನ್ನು ಮೊದಲೇ ಮುಚ್ಚಿಬಿಟ್ಟರೆ ಸಿಲೋಸೈಬಿನ್‌ನ ದರ್ಶನಗಳು ಆಗುವುದಿಲ್ಲ ಎಂದು ಪ್ರಯೋಗಗಳಿಂದ ಗೊತ್ತಾಗಿದೆ. ಅದು ಕಾರಣವನ್ನು ಹೇಳಿತು, ಬೆಲೆಯನ್ನು ಹೇಳಲಿಲ್ಲ. ಜಪ ಮಾಡುವವನ ಮಿದುಳಿನಲ್ಲೂ ಏನೋ ಒಂದು ನಡೆಯುತ್ತಲೇ ಇರುತ್ತದೆ.

ನಮ್ಮಲ್ಲಿ ಇಂಥದ್ದು ಇರಲೇ ಇಲ್ಲ ಎಂಬುದೂ ನಿಜವಲ್ಲ. ಋಗ್ವೇದದ ಒಂಬತ್ತನೆಯ ಮಂಡಲ ಪೂರ್ತಿಯಾಗಿ ಸೋಮಕ್ಕೆ ಮೀಸಲು. ಸೋಮವನ್ನು ಕುಡಿದೆವು, ಅಮೃತರಾದೆವು ಎಂದು ಎಂಟನೆಯ ಮಂಡಲದ ಋಷಿ ಹಾಡಿದ್ದಾನೆ. ಸೋಮವೆಂದರೆ ಯಾವ ಗಿಡ ಎಂಬುದು ಇಂದಿಗೂ ತೀರ್ಮಾನವಾಗಿಲ್ಲ. ಅದು ಕೆಂಪು ಟೊಪ್ಪಿಗೆಯ ವಿಷದ ಅಣಬೆಯೆಂದು 1968ರಲ್ಲಿ ವಾದಿಸಿದ ಗಾರ್ಡನ್ ವಾಸನ್ ಎಂಬ ಅಮೆರಿಕನ್ನರನ್ನು ಎಲ್ಲ ವಿದ್ವಾಂಸರೂ ಒಪ್ಪಲಿಲ್ಲ. ಪತಂಜಲಿ ತನ್ನ ಯೋಗಸೂತ್ರದ ಕೈವಲ್ಯಪಾದದ ಮೊದಲನೆಯ ಸೂತ್ರದಲ್ಲೇ ಸಿದ್ಧಿಗಳು ಜನ್ಮದಿಂದ, ಓಷಧಿಯಿಂದ, ಮಂತ್ರದಿಂದ, ತಪಸ್ಸಿನಿಂದ, ಸಮಾಧಿಯಿಂದ ಬರುತ್ತವೆ ಎಂದು ಹೇಳಿ, ಗಿಡಮೂಲಿಕೆಗೆ ಎರಡನೆಯ ಸ್ಥಾನ ಕೊಟ್ಟಿದ್ದಾನೆ. ನಮ್ಮ ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಸನ್ನಿಧಿಯಲ್ಲಿ ಗಾಂಜಾವನ್ನು ಪ್ರಸಾದವೆಂದು ಸೇವಿಸುವ ಭಕ್ತರಿರುವುದು ಪತ್ರಿಕೆಗಳಲ್ಲೇ ವರದಿಯಾಗಿದೆ. ಗಾಂಜಾ ಬೇರೆ ಜಾತಿಯ ವಸ್ತು, ಎಲ್‌ಎಸ್‌ಡಿಯ ಸಾಲಿಗೆ ಸೇರಿದ್ದಲ್ಲ. ಆದರೂ ಅಮಲು ಮತ್ತು ದೇವರು ನಮ್ಮ ನೆಲದಲ್ಲಿ ಒಬ್ಬರಿಗೊಬ್ಬರು ಅಪರಿಚಿತರಲ್ಲ ಎಂಬುದಕ್ಕೆ ಅದು ಸಾಕ್ಷಿ. ಅದೇ ಪತಂಜಲಿ, ಅದರ ಹಿಂದಿನ ಪಾದದಲ್ಲಿ, ಸಿದ್ಧಿಗಳು ಸಮಾಧಿಯಿಂದ ಹೊರಗೆ ಎದ್ದಿರುವವನ ಪಾಲಿಗೆ ಸಿದ್ಧಿಗಳೇ ಹೊರತು ಸಮಾಧಿಯ ಪಾಲಿಗೆ ಅಡ್ಡಿಗಳು ಎಂದು ಬರೆದದ್ದನ್ನು ಮಾತ್ರ ಓಷಧಿಯ ಸೂತ್ರವನ್ನು ಉತ್ಸಾಹದಿಂದ ಉಲ್ಲೇಖಿಸುವವರು ಬಿಟ್ಟುಬಿಡುತ್ತಾರೆ. ತಮ್ಮ ಲೇಖಕರೂ ಬಿಟ್ಟಿದ್ದಾರೆ.

ಇನ್ನು ಅನುಭವದ ಮಾತು. ಇದರಲ್ಲಿ ನಾನು ಲೇಖಕರ ಪರವೇ. 1962ರ ಏಪ್ರಿಲ್ 20, ಶುಭ ಶುಕ್ರವಾರದಂದು ಬೋಸ್ಟನ್ ವಿಶ್ವವಿದ್ಯಾಲಯದ ಮಾರ್ಷ್ ಚಾಪೆಲ್‌ನಲ್ಲಿ ವಾಲ್ಟರ್ ಪಾಂಕೆ ಎಂಬ ವೈದ್ಯರು ನಡೆಸಿದ ಪ್ರಯೋಗವನ್ನು ಲೇಖನ ಒಂದು ಸಾಲಿನಲ್ಲಿ ಮುಗಿಸಿದೆ. ಅದು ಅಷ್ಟಕ್ಕೆ ಬಿಡುವಂಥದ್ದಲ್ಲ. ಇಪ್ಪತ್ತು ಮಂದಿ ಕ್ರೈಸ್ತ ದೇವತಾಶಾಸ್ತ್ರದ ವಿದ್ಯಾರ್ಥಿಗಳು ನೆಲಮಾಳಿಗೆಯ ಸಣ್ಣ ಪ್ರಾರ್ಥನಾಗೃಹದಲ್ಲಿ ಕುಳಿತಿದ್ದರು. ಮೇಲಿನ ಸಭಾಂಗಣದಲ್ಲಿ ಪಾದ್ರಿ ಹೊವರ್ಡ್ ಥರ್ಮನ್ ನಡೆಸುತ್ತಿದ್ದ ಪೂಜೆಯ ಧ್ವನಿ ಸ್ಪೀಕರಿನ ಮೂಲಕ ಕೆಳಗೆ ಕೇಳಿಬರುತ್ತಿತ್ತು. ಹತ್ತು ಜನರಿಗೆ ಸಿಲೋಸೈಬಿನ್, ಹತ್ತು ಜನರಿಗೆ ನಿಕೋಟಿನಿಕ್ ಆಮ್ಲ. ಈ ಎರಡನೆಯದು ಮುಖವನ್ನು ಬೆಚ್ಚಗೆ ಕೆಂಪಾಗಿಸುತ್ತದೆ, ಆದ್ದರಿಂದ ಅದನ್ನು ನುಂಗಿದವರು ಮೊದಲು ತಮಗೇ ನಿಜವಾದ ಔಷಧ ಸಿಕ್ಕಿತೆಂದು ತಿಳಿದಿದ್ದರಂತೆ. ಸ್ವಲ್ಪ ಹೊತ್ತಿನಲ್ಲೇ ಯಾರಿಗೆ ಯಾವುದು ಸಿಕ್ಕಿದೆ ಎಂಬುದು ಇಡೀ ಕೋಣೆಗೆ ಸ್ಪಷ್ಟವಾಯಿತು. ಸಿಲೋಸೈಬಿನ್ ಪಡೆದವರಲ್ಲಿ ಹೆಚ್ಚಿನವರು ವರ್ಣಿಸಿದ ಅನುಭವಕ್ಕೂ ಸಂತರು ಬರೆದಿಟ್ಟ ಅನುಭವಕ್ಕೂ ವ್ಯತ್ಯಾಸ ಹುಡುಕುವುದು ಕಷ್ಟವಾಯಿತು. ಸುಮಾರು ಕಾಲು ಶತಮಾನದ ನಂತರ ರಿಕ್ ಡಾಬ್ಲಿನ್ ಎಂಬವರು ಆ ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಹುಡುಕಿಕೊಂಡು ಹೋಗಿ ಮಾತನಾಡಿಸಿ 1991ರಲ್ಲಿ ವರದಿ ಪ್ರಕಟಿಸಿದರು. ಸಿಲೋಸೈಬಿನ್ ಪಡೆದವರಲ್ಲಿ ಮಾತಿಗೆ ಸಿಕ್ಕ ಏಳು ಮಂದಿಯೂ ಅಂದು ತಮಗಾದದ್ದು ನಿಜವಾದ ಅಧ್ಯಾತ್ಮದ ಅನುಭವವೇ ಎಂದರು. ಅದೇ ವರದಿಯಿಂದ ಇನ್ನೊಂದು ಸಂಗತಿಯೂ ಹೊರಬಿತ್ತು. ಅಂದು ಒಬ್ಬ ವಿದ್ಯಾರ್ಥಿ, ಲೋಕಕ್ಕೆ ಸಂದೇಶ ಸಾರಬೇಕಾದವನು ತಾನೇ ಎಂಬ ಆವೇಶದಲ್ಲಿ ಚಾಪೆಲ್‌ನಿಂದ ಹೊರಗೆ ಹೋಗಿದ್ದ. ಅವನನ್ನು ಹಿಡಿದು ತಂದು, ಶಾಂತಗೊಳಿಸುವ ಚುಚ್ಚುಮದ್ದು ಕೊಡಬೇಕಾಗಿ ಬಂದಿತ್ತು. ಪಾಂಕೆಯವರು ಆ ಚುಚ್ಚುಮದ್ದಿನ ವಿಷಯವನ್ನು ತಮ್ಮ ಪ್ರಬಂಧದಲ್ಲಿ ಬರೆದಿರಲಿಲ್ಲ.

2006ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ರೋಲಂಡ್ ಗ್ರಿಫಿತ್ಸ್ ಮತ್ತು ಸಂಗಡಿಗರು ಹೆಚ್ಚು ಕಟ್ಟುನಿಟ್ಟಾಗಿ ಇದನ್ನೇ ಪರೀಕ್ಷಿಸಿದರು. 36 ಸ್ವಯಂಸೇವಕರಲ್ಲಿ ಸುಮಾರು ಮೂರನೇ ಎರಡರಷ್ಟು ಜನ ಆ ದಿನವನ್ನು ತಮ್ಮ ಬದುಕಿನ ಐದು ಅತ್ಯಂತ ಅರ್ಥಪೂರ್ಣ ಅನುಭವಗಳಲ್ಲಿ ಒಂದೆಂದು ಎಣಿಸಿದರು. ಮಗು ಹುಟ್ಟಿದ ದಿನದ, ತಂದೆತಾಯಿ ತೀರಿಕೊಂಡ ದಿನದ ಪಕ್ಕದಲ್ಲಿ ಅದನ್ನಿಟ್ಟರು. ಅದೇ 36 ಜನರಲ್ಲಿ 11 ಮಂದಿ ನಡುವೆ ಒಂದಷ್ಟು ಹೊತ್ತು ತೀವ್ರ ಭಯದಲ್ಲಿ ನರಳಿದ್ದರು. ಮಾನಸಿಕ ಕಾಯಿಲೆಯ ಹಿನ್ನೆಲೆಯವರನ್ನು ಮೊದಲೇ ಹೊರಗಿಟ್ಟು, ತರಬೇತಾದ ಇಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಷ್ಟು ಎಚ್ಚರದಿಂದ ನಡೆಸಿದಲ್ಲಿಯೇ ಹೀಗಾದದ್ದು. ತಮ್ಮ ಲೇಖನದಲ್ಲಿ ಮೊದಲ ಅಂಕಿ ದಪ್ಪಕ್ಷರದಲ್ಲಿದೆ, ಎರಡನೆಯದು ಇಲ್ಲವೇ ಇಲ್ಲ.

ಆದ್ದರಿಂದ ಅನುಭವ ಆಗುತ್ತದೆಯೇ ಎಂಬುದು ಇನ್ನು ಚರ್ಚೆಯ ವಿಷಯವೇ ಅಲ್ಲ. ಆಗುತ್ತದೆ. ನನ್ನ ಅಕ್ಕನ ಮಗನಿಗೂ ಆಯಿತು. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಗೆಳೆಯರ ಜೊತೆ ಸಮುದ್ರ ತೀರಕ್ಕೆ ಹೋದವನು ಎಲ್‌ಎಸ್‌ಡಿ ಹೀರಿಸಿದ, ಅಂಚೆಚೀಟಿಯ ಕಾಲು ಭಾಗದಷ್ಟು ಕಾಗದವೊಂದನ್ನು ನಾಲಿಗೆಯ ಮೇಲಿಟ್ಟುಕೊಂಡಿದ್ದ. ಮರುದಿನ ಸಂಜೆ ನಮ್ಮ ಮನೆಗೆ ಬಂದ. ಬೆಳಿಗ್ಗೆ ನಾನು ಎದ್ದು ನೋಡಿದರೆ ಹಿತ್ತಿಲಲ್ಲಿ ಅಡಿಕೆ ಮರಕ್ಕೆ ಹಬ್ಬಿಸಿದ ವೀಳ್ಯದೆಲೆಯ ಬಳ್ಳಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತಿದ್ದಾನೆ. ಎಲೆಯ ತುದಿಯಲ್ಲಿ ಒಂದು ಹನಿ ಇಬ್ಬನಿ ತೂಗುತ್ತಿತ್ತು. ಅದು ಬೀಳುವವರೆಗೂ ಅಲುಗಾಡಲಿಲ್ಲ. ಕಣ್ಣಲ್ಲಿ ನೀರಿತ್ತು. "ಮಾವ, ಮೊನ್ನೆ ರಾತ್ರಿ ನಾನು ಅಂತ ಯಾರೂ ಇರಲಿಲ್ಲ. ಸಮುದ್ರ ಇತ್ತು, ಮರಳು ಇತ್ತು, ನೋಡುವವನು ಮಾತ್ರ ಇರಲಿಲ್ಲ" ಎಂದ. ನಾನು ಮೂರು ದಶಕ ಕಪ್ಪು ಹಲಗೆಯ ಮೇಲೆ ಬರೆದು ಬರೆದು ಹೇಳಿದ್ದನ್ನು ಅವನು ಕಂಡವನ ಹಾಗೆ ಹೇಳಿದ. ಸುಳ್ಳೆಂದು ನನಗೆ ಅನ್ನಿಸಲಿಲ್ಲ, ಇಂದಿಗೂ ಅನ್ನಿಸುವುದಿಲ್ಲ.

ನಾಲ್ಕು ತಿಂಗಳ ನಂತರ ನನ್ನ ಭಾವನವರು ಶ್ವಾಸಕೋಶದ ಸೋಂಕಿನಿಂದ ಆಸ್ಪತ್ರೆ ಸೇರಿದರು. ರಾತ್ರಿ ಕಾಯುವ ಸರದಿ ಇವನದು. ಎರಡನೆಯ ರಾತ್ರಿಯೇ ನನಗೆ ಫೋನ್ ಮಾಡಿ ಹೇಳಿದ: "ಅವತ್ತು ಎಲ್ಲವೂ ಒಂದೇ ಆಗಿತ್ತು ಮಾವ. ಈಗ ಅಪ್ಪನ ಕೆಮ್ಮು ಕೇಳಿದರೆ ಸಿಟ್ಟು ಬರುತ್ತಿದೆ." ನಾನು ಅವನನ್ನು ಹೀನಾಯವಾಗಿ ಕಾಣುತ್ತಿಲ್ಲ, ಆ ಮಾತು ಹೇಳುವಷ್ಟು ಪ್ರಾಮಾಣಿಕತೆ ಎಷ್ಟೋ ಸಾಧಕರಿಗೂ ಇರುವುದಿಲ್ಲ. ಆದರೆ ಕಳೆದುಹೋದದ್ದನ್ನು ಮತ್ತೆ ಹಿಡಿಯುವ ಆಸೆಯಿಂದ ಅವನು ಇನ್ನೊಮ್ಮೆ, ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡ. ಆ ಸಲ ಬಂದದ್ದು ಸಮುದ್ರವಲ್ಲ, ತಾನು ಸತ್ತಿದ್ದೇನೆ, ಯಾರಿಗೂ ಗೊತ್ತಾಗುತ್ತಿಲ್ಲ ಎಂಬ ಭಯ. ಬೆಳಗಾದರೂ ಅದು ಪೂರ್ತಿ ಇಳಿಯಲಿಲ್ಲ. ನಿದ್ದೆ ಸರಿಹೋಗಲು ಏಳು ತಿಂಗಳು ಮನೋವೈದ್ಯರ ಬಳಿ ಓಡಾಡಬೇಕಾಯಿತು. ಅಕ್ಕ ಊರಲ್ಲಿ ಯಾರಿಗೂ ಹೇಳಲಿಲ್ಲ. ಕೇಳಿದವರಿಗೆ ಆಫೀಸಿನ ಒತ್ತಡ ಎಂದಳು.

ಒಬ್ಬನ ಕಥೆಯಿಂದ ಸಿದ್ಧಾಂತ ಕಟ್ಟಬಾರದೆಂದು ನನಗೂ ಗೊತ್ತಿದೆ. ಆದರೆ ಅವನ ಎರಡು ರಾತ್ರಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಒಂದು ಸಂಗತಿ ನನ್ನನ್ನು ಕಾಡುತ್ತದೆ. ಮೊದಲ ರಾತ್ರಿ ಎಲ್ಲವೂ ಒಂದೇ ಎಂಬುದು ಅವನಿಗೆ ಎಷ್ಟು ನಿಶ್ಚಯವಾಗಿ ಕಂಡಿತೋ, ಎರಡನೆಯ ರಾತ್ರಿ ತಾನು ಸತ್ತಿದ್ದೇನೆ ಎಂಬುದೂ ಅಷ್ಟೇ ನಿಶ್ಚಯವಾಗಿ ಕಂಡಿತು. ಎರಡನೆಯದು ಸುಳ್ಳೆಂದು ನಮಗೆ ಗೊತ್ತು. ಹಾಗಿದ್ದರೆ ಮೊದಲನೆಯದಕ್ಕೆ ಆ ನಿಶ್ಚಯವೊಂದೇ ಪ್ರಮಾಣವಾಗುವುದು ಹೇಗೆ? ಇದು ನಿಜ ಎಂಬ ಭಾವನೆಯನ್ನೇ ಈ ದ್ರವ್ಯಗಳು ಉಕ್ಕಿಸಬಲ್ಲವು. ಯಾವುದರ ಮೇಲೆ ಉಕ್ಕಿಸಬೇಕೆಂಬ ವಿವೇಕ ಅವುಗಳಿಗಿಲ್ಲ. ಅಮೆರಿಕದ ತತ್ತ್ವಜ್ಞಾನಿ ವಿಲಿಯಂ ಜೇಮ್ಸ್ 19ನೆಯ ಶತಮಾನದಲ್ಲೇ ನೈಟ್ರಸ್ ಆಕ್ಸೈಡ್ ಅನಿಲವನ್ನು ಸೇದಿ, ವಿಶ್ವದ ರಹಸ್ಯವೇ ತೆರೆದುಕೊಂಡಿತೆಂಬ ಉದ್ವೇಗದಲ್ಲಿ ಹಾಳೆಗಟ್ಟಲೆ ಬರೆದಿಟ್ಟಿದ್ದರು. ಅಮಲು ಇಳಿದ ಮೇಲೆ ನೋಡಿದರೆ ಅದು ಅರ್ಥವಿಲ್ಲದ ಪದಗಳ ಸಾಲು. ಆದರೂ ಜೇಮ್ಸ್ ಅಂಥ ಸ್ಥಿತಿಗಳನ್ನು ಕಸವೆಂದು ಎಸೆಯಲಿಲ್ಲ. ಮರವನ್ನು ಬೇರಿನಿಂದಲ್ಲ, ಬಿಡುವ ಹಣ್ಣಿನಿಂದ ಅಳೆಯಬೇಕೆಂದು ಅವರು ಇಟ್ಟ ಮಾನದಂಡ ನನಗೆ ಇಂದಿಗೂ ಸರಿಯೆನಿಸುತ್ತದೆ.

ನಮ್ಮವರು ಈ ಪ್ರಶ್ನೆಯನ್ನು ಇನ್ನೂ ಆಳಕ್ಕೆ ಒಯ್ದಿದ್ದಾರೆ, ನಾನು ಮುಖ್ಯವಾಗಿ ಹೇಳಬೇಕಾದದ್ದು ಇದನ್ನೇ. ಶಂಕರರು ಬ್ರಹ್ಮಸೂತ್ರದ ನಾಲ್ಕನೆಯ ಸೂತ್ರದ ಭಾಷ್ಯದಲ್ಲಿ ಮೋಕ್ಷವು ಉತ್ಪಾದ್ಯವಲ್ಲ, ವಿಕಾರ್ಯವಲ್ಲ, ಆಪ್ಯವಲ್ಲ, ಸಂಸ್ಕಾರ್ಯವಲ್ಲ ಎನ್ನುತ್ತಾರೆ. ಮಡಕೆಯಂತೆ ಮಾಡಬಹುದಾದದ್ದಲ್ಲ, ಹಾಲು ಮೊಸರಾಗುವಂತೆ ಮಾರ್ಪಡುವುದಲ್ಲ, ಊರಿನಂತೆ ಹೋಗಿ ಸೇರಬಹುದಾದದ್ದಲ್ಲ, ಕನ್ನಡಿಯಂತೆ ಉಜ್ಜಿ ಹೊಳಪಿಸುವುದೂ ಅಲ್ಲ. ಮಾಡಿದ್ದು ಯಾವುದೇ ಆಗಲಿ ಒಂದು ದಿನ ಮುಗಿಯುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ನುಂಗಿ ಸಂಜೆ ಆರಕ್ಕೆ ಇಳಿಯುವ ಸ್ಥಿತಿ ಎಷ್ಟೇ ಉನ್ನತವಾಗಿದ್ದರೂ ಅದು ಉತ್ಪಾದ್ಯವೇ. ಶಂಕರರು ಇಷ್ಟಕ್ಕೇ ನಿಲ್ಲುವುದಿಲ್ಲ. ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ಗಾಢನಿದ್ರೆಯನ್ನೂ ಸಮಾಧಿಯನ್ನೂ ಒಂದೇ ಉಸಿರಿನಲ್ಲಿ ಹೇಳಿ, ಅಲ್ಲೆಲ್ಲ ಭೇದ ಅಳಿದಂತಾದರೂ ಮಿಥ್ಯಾಜ್ಞಾನ ಅಳಿಯದ ಕಾರಣ ಎಚ್ಚರವಾದೊಡನೆ ಹಿಂದಿನಂತೆಯೇ ಭೇದ ಮರಳುತ್ತದೆ ಎನ್ನುತ್ತಾರೆ. ಈ ಕತ್ತಿ ಎಲ್‌ಎಸ್‌ಡಿಯನ್ನು ಮಾತ್ರ ಕಡಿಯುವುದಲ್ಲ, ಕಣ್ಣುಮುಚ್ಚಿ ಕುಳಿತು ಪಡೆದ ಸಮಾಧಿಯನ್ನೂ ಕಡಿಯುತ್ತದೆ. ಶಂಕರಭಾಷ್ಯವನ್ನು ಕನ್ನಡಕ್ಕೆ ತಂದುಕೊಟ್ಟ ಹೊಳೆನರಸೀಪುರದ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳು ಜೀವಮಾನವಿಡೀ ಒತ್ತಿ ಹೇಳಿದ್ದು ಇದನ್ನೇ: ಯಾವುದೋ ವಿಶೇಷ ಅವಸ್ಥೆಯನ್ನು ತಂದುಕೊಳ್ಳುವುದು ಜ್ಞಾನವಲ್ಲ, ಎಲ್ಲರಿಗೂ ದಿನವೂ ಬಂದುಹೋಗುವ ಎಚ್ಚರ, ಕನಸು, ತನಿನಿದ್ದೆಗಳನ್ನೇ ವಿಚಾರಿಸಿ ನೋಡಬೇಕು. ಆದ್ದರಿಂದ ಗುಳಿಗೆಯನ್ನು ಬೈಯುತ್ತ, ಮೂರು ದಿನದ ಶಿಬಿರದಲ್ಲಿ ಬೆಳಕು ಕಾಣಿಸುತ್ತೇವೆ ಎಂದು ಶುಲ್ಕ ಪಡೆಯುವವರನ್ನು ಹೊಗಳುವ ಪತ್ರಲೇಖಕರಿಗೆ ನಾನು ಹೇಳುವುದು, ಎರಡೂ ಕಡೆ ಮಾರಾಟವಾಗುತ್ತಿರುವುದು ಅವಸ್ಥೆಯೇ ಎಂದು.

ಕನ್ನಡಿಗರಿಗೆ ಇದನ್ನು ಸಂಸ್ಕೃತದಿಂದ ಕಲಿಯಬೇಕಾದ ಅಗತ್ಯವೂ ಇಲ್ಲ. ಅನುಭವ ಬೇರೆ, ಅನುಭಾವ ಬೇರೆ ಎಂದು ನಮ್ಮ ಭಾಷೆಯೇ ಗೆರೆ ಎಳೆದಿದೆ. ಕಲ್ಯಾಣದ ಶರಣರು ಅನುಭಾವವೆಂದು ಕರೆದದ್ದು ಒಬ್ಬನ ತಲೆಯೊಳಗೆ ನಡೆದು ಮುಗಿದ ಘಟನೆಯನ್ನಲ್ಲ. ಅದು ನಾಲ್ಕು ಜನರ ಎದುರು ಮಾತಾಗಬೇಕಿತ್ತು, ಪ್ರಶ್ನೆಗೆ ಒಳಗಾಗಬೇಕಿತ್ತು, ಮರುದಿನದ ಕಾಯಕದಲ್ಲಿ ಕಾಣಿಸಬೇಕಿತ್ತು. ತಮ್ಮ ಲೇಖಕರು ಇಂಗ್ಲಿಷಿನ ಒಂದೇ ಪದವನ್ನು ಒಮ್ಮೆ ಅನುಭವವೆಂದೂ ಇನ್ನೊಮ್ಮೆ ಅನುಭಾವವೆಂದೂ ಮತ್ತೊಮ್ಮೆ ಜ್ಞಾನೋದಯವೆಂದೂ ಮನಬಂದಂತೆ ಅನುವಾದಿಸಿಕೊಂಡಿದ್ದರಿಂದಲೇ ಇಡೀ ಲೇಖನ ದಾರಿ ತಪ್ಪಿದೆ ಎಂದು ನನ್ನ ಅಭಿಪ್ರಾಯ.

ಅಣಬೆಯನ್ನು ಜಗತ್ತಿಗೆ ಪರಿಚಯಿಸಿದ ಹೆಂಗಸಿನ ಹೆಸರೂ ಆ ಲೇಖನದಲ್ಲಿಲ್ಲ. ಮೆಕ್ಸಿಕೋದ ಓಹಾಕಾ ಪ್ರಾಂತ್ಯದ ಗುಡ್ಡಗಾಡಿನಲ್ಲಿ ವಾವುತ್ಲಾ ಎಂಬ ಊರಿದೆ. ಅಲ್ಲಿನ ಮಜಾಟೆಕ್ ಬುಡಕಟ್ಟಿನ ಮರಿಯಾ ಸಬೀನಾ ಅಕ್ಷರ ಬಾರದ ಮದ್ದುಗಿತ್ತಿ. ಅಣಬೆಗಳನ್ನು ಅವಳು ಪವಿತ್ರ ಮಕ್ಕಳು ಎಂದು ಕರೆಯುತ್ತಿದ್ದಳು. ಯಾರಿಗಾದರೂ ಕಾಯಿಲೆ ಬಂದಾಗ ಮಾತ್ರ, ರಾತ್ರಿಯ ಹೊತ್ತು, ನೇಮದಿಂದಿದ್ದು, ಬೆಳಗಿನವರೆಗೆ ಹಾಡುತ್ತ ಅವನ್ನು ಸೇವಿಸುವುದು ಅವಳ ಪದ್ಧತಿ. ಮೇಲೆ ಹೇಳಿದ ವಾಸನ್ 1955ರಲ್ಲಿ ಅವಳ ಊರಿಗೆ ಹೋಗಿ ಅವಳು ನಡೆಸಿದ ಅಂಥ ಒಂದು ರಾತ್ರಿಯಲ್ಲಿ ಪಾಲುಗೊಂಡು, 1957ರಲ್ಲಿ ಲೈಫ್ ಪತ್ರಿಕೆಯಲ್ಲಿ ಬರೆದರು. ಹೆಸರು ಬದಲಿಸಿ ಬರೆದಿದ್ದರೂ ಊರು ಪತ್ತೆಯಾಗಲು ಬಹಳ ಕಾಲ ಬೇಕಾಗಲಿಲ್ಲ. ದೇವರನ್ನು ಹುಡುಕುವ ಯುವಕರು ಗುಂಪುಗುಂಪಾಗಿ ಬಂದರು. ಕಾಯಿಲೆಯೇ ಇಲ್ಲದವರು ದೇವರನ್ನು ನೋಡಲೆಂದು ಮಕ್ಕಳನ್ನು ತಿನ್ನುವುದು ಅವಳಿಗೆ ಅರ್ಥವಾಗಲಿಲ್ಲ. ಅದಕ್ಕೆ ಮೊದಲು ಹಾಗೆ ಯಾರೂ ತಿಂದಿರಲಿಲ್ಲ ಎಂದು ಅವಳೇ ಹೇಳಿದ್ದಾಳೆ. ಪೊಲೀಸರು ಬಂದರು, ಊರಿನವರು ತಿರುಗಿಬಿದ್ದರು, ಅವಳ ಮನೆ ಸುಟ್ಟುಹೋಯಿತು. ಎಲ್‌ಎಸ್‌ಡಿಯನ್ನು 1938ರಲ್ಲಿ ತಯಾರಿಸಿ 1943ರಲ್ಲಿ ಅದರ ಪರಿಣಾಮವನ್ನು ತನ್ನ ಮೈಮೇಲೆಯೇ ಕಂಡ ಸ್ವಿಸ್ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್‌ಮನ್ 1962ರಲ್ಲಿ ಅವಳಿಗೆ ಸಿಲೋಸೈಬಿನ್ ಗುಳಿಗೆಗಳನ್ನೇ ಕೊಟ್ಟಾಗ, ಅಣಬೆಯ ಚೈತನ್ಯ ಇದರಲ್ಲೂ ಇದೆ ಎಂದು ಆಕೆ ಒಪ್ಪಿಕೊಂಡಿದ್ದಳು. ಪರದೇಶಿಗಳು ಬಂದ ಮೇಲೆ ಮಕ್ಕಳು ತಮ್ಮ ಶಕ್ತಿ ಕಳೆದುಕೊಂಡರು ಎಂದು ಮುಂದೆ ದುಃಖಿಸಿದವಳೂ ಆಕೆಯೇ. ಈ ಎರಡು ಮಾತುಗಳನ್ನು ಒಟ್ಟಿಗೆ ಓದಿದರೆ, ಶಕ್ತಿ ಇದ್ದದ್ದು ವಸ್ತುವಿನಲ್ಲಿ ಮಾತ್ರವಲ್ಲ, ಯಾಕಾಗಿ, ಯಾರಿಗಾಗಿ, ಯಾವ ನೇಮದೊಳಗೆ ಎಂಬುದರಲ್ಲೂ ಇತ್ತೆಂದು ನನಗೆ ತೋರುತ್ತದೆ. 2018ರಲ್ಲಿ ಗ್ರಿಫಿತ್ಸ್ ತಂಡವೇ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಸಿಲೋಸೈಬಿನ್‌ನೊಂದಿಗೆ ದಿನನಿತ್ಯದ ಧ್ಯಾನ ಮತ್ತು ದಿನಚರಿ ಬರವಣಿಗೆಗೆ ಹೆಚ್ಚಿನ ಬೆಂಬಲ ಪಡೆದವರಲ್ಲಿ ಬದಲಾವಣೆ ಹೆಚ್ಚು ಉಳಿಯಿತೆಂದು ಕಂಡದ್ದು ಈ ಮಾತಿಗೆ ಹತ್ತಿರವಾಗಿದೆ.

ಉತ್ತರಾಖಂಡದ ಕೈಂಚಿಯ ಸಂತ ನೀಮ್ ಕರೋಲಿ ಬಾಬಾ ಎಲ್‌ಎಸ್‌ಡಿ ನುಂಗಿದರೂ ಏನೂ ಆಗಲಿಲ್ಲ ಎಂಬ, ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ವಜಾಗೊಂಡು ಮುಂದೆ ರಾಮದಾಸ್ ಆದ ರಿಚರ್ಡ್ ಆಲ್ಪರ್ಟ್ ಹೇಳಿದ ಕಥೆಯನ್ನು ಕೆಲವರು, ಜ್ಞಾನಿಗೆ ಗುಳಿಗೆ ಏನೂ ಕೊಡಲಾರದು ಎಂಬ ವಾದಕ್ಕೆ ಮುಕುಟದಂತೆ ಬಳಸುತ್ತಾರೆ. ಶಿಷ್ಯನೊಬ್ಬನ ನೆನಪಿನ ಮೇಲೆ ನಾನು ಅಷ್ಟು ಭಾರ ಹೇರಲಾರೆ.

ಚಿಕಿತ್ಸೆಯ ವಿಷಯ ಬೇರೆ, ಅದನ್ನು ಇದರೊಂದಿಗೆ ಕಲಸಬಾರದು. ಮಾರಣಾಂತಿಕ ಕ್ಯಾನ್ಸರಿನಿಂದ ಕುಗ್ಗಿದ್ದ 51 ಮಂದಿಗೆ ಹಾಪ್ಕಿನ್ಸ್‌ನಲ್ಲಿ ಸಿಲೋಸೈಬಿನ್ ಕೊಟ್ಟಾಗ ಹೆಚ್ಚಿನವರ ಖಿನ್ನತೆ ಮತ್ತು ಆತಂಕ ಆರು ತಿಂಗಳ ನಂತರವೂ ಇಳಿದೇ ಇತ್ತು ಎಂದು 2016ರಲ್ಲಿ ಪ್ರಕಟವಾಗಿದೆ. ಆಸ್ಟ್ರೇಲಿಯಾ 2023ರ ಜುಲೈಯಿಂದ ಅಧಿಕೃತ ಮನೋವೈದ್ಯರಿಗೆ ಇದನ್ನು ಬಳಸಲು ಅನುಮತಿ ನೀಡಿದೆ. ಸಾವಿನ ಭಯದಲ್ಲಿರುವವನಿಗೆ ನೆಮ್ಮದಿ ಸಿಗುವುದಾದರೆ ಅದು ಮೋಕ್ಷವೋ ಅಲ್ಲವೋ ಎಂದು ಕೇಳುವುದು ಕ್ರೌರ್ಯ. ನಮ್ಮ ದೇಶದಲ್ಲೂ ಇಂಥ ಸಂಶೋಧನೆ ವೈದ್ಯರ ಕೈಯಲ್ಲಿ, ಕಾನೂನಿನ ಚೌಕಟ್ಟಿನಲ್ಲಿ ನಡೆಯಲಿ ಎಂಬುದೇ ನನ್ನ ಆಸೆ. ಸದ್ಯಕ್ಕೆ ಮಾತ್ರ ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಎಲ್‌ಎಸ್‌ಡಿಯ ವಾಣಿಜ್ಯ ಪ್ರಮಾಣ ಶುರುವಾಗುವುದು ಒಂದು ಗ್ರಾಮಿನ ಹತ್ತನೆಯ ಒಂದು ಭಾಗದಿಂದ, ಅದಕ್ಕೆ ಶಿಕ್ಷೆ ಕನಿಷ್ಠ 10 ವರ್ಷ. ಸಮುದ್ರ ತೀರದ ಪ್ರವಾಸವನ್ನು ಅಷ್ಟು ಮನಮೋಹಕವಾಗಿ ಬಣ್ಣಿಸಿದ ಲೇಖನದಲ್ಲಿ ಈ ಒಂದು ವಾಕ್ಯಕ್ಕೆ ಜಾಗ ಇರಲಿಲ್ಲವೇ?

ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಲೇಖನದಲ್ಲಿ ಹೆಸರು ಮರೆಮಾಡಿ ಮಾತನಾಡಿಸಿದ ನಾಲ್ವರು ಯುವಕರನ್ನು ಮೂರು ವರ್ಷ ಬಿಟ್ಟು ಮತ್ತೆ ಹುಡುಕಿ ಮಾತನಾಡಿಸಿ. ಅವರನ್ನು ಮಾತ್ರವಲ್ಲ, ಅವರ ಜೊತೆ ಬದುಕುವವರನ್ನೂ ಕೇಳಿ. 2006ರ ಅಧ್ಯಯನದಲ್ಲಿ ಗ್ರಿಫಿತ್ಸ್ ಎರಡು ತಿಂಗಳ ಬಳಿಕ ಸ್ನೇಹಿತರನ್ನೂ ಮನೆಯವರನ್ನೂ ವಿಚಾರಿಸಿದ್ದರು, ಅವರ ಕಣ್ಣಿಗೆ ಸಣ್ಣದಾದರೂ ಒಳ್ಳೆಯ ಬದಲಾವಣೆ ಕಂಡಿತ್ತು ಎಂಬುದನ್ನು ಮುಚ್ಚಿಡದೆ ಹೇಳುತ್ತೇನೆ. ನಮ್ಮ ನಾಲ್ವರ ಮನೆಯವರೂ ಹಾಗೆಯೇ ಹೇಳಿದರೆ ನಾನು ನನ್ನ ಅಭಿಪ್ರಾಯವನ್ನು ತಿದ್ದಿಕೊಂಡು ತಮಗೆ ಇನ್ನೊಂದು ಪತ್ರ ಬರೆಯುತ್ತೇನೆ. ನನ್ನ ಅಕ್ಕನ ಮಗ ಕೆಲಸಕ್ಕೆ ಮರಳಿದ್ದಾನೆ. ಈಗ ಯಾವುದನ್ನೂ ತೆಗೆದುಕೊಳ್ಳುವುದಿಲ್ಲ. ಅವನ ತಂದೆಗೆ ಮೊನ್ನೆ ಮತ್ತೆ ಉಸಿರಾಟದ ತೊಂದರೆಯಾದಾಗ ರಜೆ ಹಾಕಿ ಬಂದು ಹನ್ನೊಂದು ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದ. ಸಿಟ್ಟು ಬರಲಿಲ್ಲವೇ ಎಂದು ನಾನು ಕೇಳಿದೆ. ಮೂರು ರಾತ್ರಿ ಬಂತು ಮಾವ, ಆಮೇಲೆ ಕೆಮ್ಮು ನಿಂತಾಗ ಎಚ್ಚರವಾಗತೊಡಗಿತು ಎಂದ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ತತ್ತ್ವಶಾಸ್ತ್ರ ಅಧ್ಯಾಪಕ,
ಶಿರಸಿ, ಉತ್ತರ ಕನ್ನಡ